ಎನಿಡ್ ಜೋಡಿಸಿದ ಮೇಜು

ಲೀಡ್ಸಿನ ನಮ್ಮ ಟಿವಿ ಸ್ಟುಡಿಯೊದಲ್ಲಿ ಎನಿಡ್ ಹೋಲ್ರಾಯ್ಡ್ ಸಾಮಾನಿನ ಉಸ್ತುವಾರಿಯವಳು. ಸೆಟ್ಟಿನ ಮೇಲೆ ನಟರ ಕೈಗೆ ಬರುವ ಕಪ್ಪು, ಪತ್ರಿಕೆ, ಸಾಬೂನು, ಹುರಿದ ಮೊಟ್ಟೆ ಎಲ್ಲ ಅವಳು ಇಟ್ಟದ್ದೇ. ವಿಸ್ಕಿ ಎಂದು ಅವರು ಕುಡಿಯುತ್ತಿದ್ದದ್ದು ಬೆಳಿಗ್ಗೆ ಅವಳು ಕಾಸಿ ಆರಿಸಿಟ್ಟ ಹಾಲಿಲ್ಲದ ಟೀ. ಅವಳ ಗಂಡ ಬಸ್ಸು ಓಡಿಸುತ್ತಿದ್ದ. ಮನೆಯಲ್ಲಿ ಟಿವಿ ಹಾಕಿದರೆ ಅವನಿಗೆ ಕಥೆ ಬೇಡ. ‘ಅದು ನಮ್ಮ ಬೆಣ್ಣೆ ತಟ್ಟೆ ಅಲ್ವೇನೇ?’ ಎಂದು ಗೊಣಗುತ್ತಿದ್ದನಂತೆ.

ನಾನು ಆಗ ಅಲ್ಲಿ ನಟರಿಗೆ ಬಣ್ಣ ಹಚ್ಚುತ್ತಿದ್ದೆ. ಎಪ್ಪತ್ತರ ದಶಕ. ವಿಲ್ಫ್ ಟ್ಯಾಟರ್ಸಾಲ್ ಮತ್ತು ಡೆಸ್ಮಂಡ್ ಪೀಕ್ ಜೋಡಿಯ ಹಾಸ್ಯ ಧಾರಾವಾಹಿ ಊರೂರಿನ ಮನೆಗಳಲ್ಲಿ ಓಡುತ್ತಿದ್ದ ಕಾಲ. ಇಬ್ಬರು ಷಡ್ಡಕರು, ಅಕ್ಕತಂಗಿಯರಾದ ಹೆಂಡತಿಯರು ಇವರ ಸಹವಾಸ ಸಾಕೆಂದು ಕೂಡಿಯೇ ಸಮುದ್ರ ತೀರದ ಊರಿಗೆ ಹೋಗಿಬಿಟ್ಟಿದ್ದಾರೆ, ಉಳಿದ ಗಂಡಸರಿಬ್ಬರಿಗೆ ಒಂದೇ ಅಡುಗೆಮನೆ. ಕಥೆ ಅಷ್ಟೇ.

ವಾರವಿಡೀ ಚರ್ಚಿನ ಸಭಾಂಗಣದಲ್ಲಿ ತಾಲೀಮು. ನೆಲಕ್ಕೆ ಬಣ್ಣದ ಪಟ್ಟಿ ಅಂಟಿಸಿ, ಇದು ಬಾಗಿಲು, ಇದು ಒಲೆ ಎಂದುಕೊಳ್ಳಬೇಕು. ಶುಕ್ರವಾರ ಸಂಜೆ ನಿಜವಾದ ಸೆಟ್ಟು, ನಿಜವಾದ ಜನ. ಬ್ರಾಡ್‌ಫರ್ಡಿನಿಂದ, ಹ್ಯಾಲಿಫ್ಯಾಕ್ಸಿನಿಂದ ಬಸ್ಸುಗಳಲ್ಲಿ ಬರುತ್ತಿದ್ದರು. ಅವರು ಕಾಯುತ್ತಿದ್ದದ್ದು ಬರೆದ ಮಾತಿಗಲ್ಲ. ವಿಲ್ಫ್ ಬರೆದದ್ದನ್ನು ಬಿಟ್ಟು ಆಚೆ ಹೆಜ್ಜೆಯಿಡುವ ಗಳಿಗೆಗೆ. ಕೈಗೆ ಸಿಕ್ಕ ಜರಡಿಯನ್ನೋ ಟೀ ಪಾತ್ರೆಯ ಉಣ್ಣೆಯ ಮುಸುಕನ್ನೋ ಹಿಡಿದು ಅವನು ಎಲ್ಲಿಗೋ ಹೊರಟುಬಿಡುವನು. ಡೆಸ್ಮಂಡ್ ಒಂದಕ್ಷರ ಸೇರಿಸುವವನಲ್ಲ. ಬರೆದದ್ದನ್ನಷ್ಟೇ ಹೇಳುವ ಆ ಉದ್ದ ಮುಖದ ಮನುಷ್ಯ ನಗು ನುಂಗಲು ಒದ್ದಾಡುವುದನ್ನು ನೋಡುವಾಗ ಜನಕ್ಕೆ ತಮ್ಮ ಮನೆಯೊಳಗೇ ಏನೋ ನಡೆದಂತೆ ಅನ್ನಿಸುತ್ತಿತ್ತು. ಒಬ್ಬ ಬೀಳುತ್ತಾನೆ, ಇನ್ನೊಬ್ಬ ಹಿಡಿಯುತ್ತಾನೆ ಎಂಬ ನೆಚ್ಚಿಕೆಯೇ ಆ ನಗುವಿನ ಬೇರು ಎಂದು ನನಗೆ ಈಗ ತೋರುತ್ತದೆ.

ಆರನೆಯ ಸರಣಿಯಲ್ಲಿ ಎನಿಡ್ ಒಂದು ಬದಲಾವಣೆ ಕಂಡಳು. ಮೊದಲೆಲ್ಲ ವಿಲ್ಫ್ ಬರೆದ ಮಾತು ಹೇಳಿ ಮುಗಿಸಿ ಆಮೇಲೆ ತನ್ನದನ್ನು ಸೇರಿಸುತ್ತಿದ್ದ. ಈಗ ಬರೆದ ಮಾತಿನ ಜಾಗದಲ್ಲೇ ತನ್ನದು ಬರುತ್ತಿತ್ತು. ಅದಕ್ಕೆ ಮುಂಚೆ ಅವನ ಕೈ ಮೇಜಿನ ಮೇಲೆ ಕತ್ತಲಲ್ಲಿ ಬೆಂಕಿಪೆಟ್ಟಿಗೆ ಹುಡುಕುವವನ ಕೈಯಂತೆ ತಡವರಿಸುತ್ತಿತ್ತು.

ಅವನಿಗೆ ಮಾತು ಮರೆತುಹೋಗುತ್ತಿದೆ ಎಂದು ಅವಳು ಯಾರಿಗೂ ಹೇಳಲಿಲ್ಲ. ಹೇಳಿದರೆ ವಿಲ್ಫ್ ಮಾರನೆಯ ದಿನವೇ ಮನೆಗೆ. ಬದಲಿಗೆ ಮೇಜಿನ ಮೇಲೆ ಒಂದೊಂದೇ ಹೆಚ್ಚುವರಿ ಸಾಮಾನು ಇಡತೊಡಗಿದಳು: ಇಲಿಬೋನು, ಅರ್ಧ ಹೆಣೆದ ಕಾಲುಚೀಲ, ಮೊಟ್ಟೆ ಕಡೆಯುವ ಕಡ್ಡಿ. ಅವನ ಕೈಗೆ ಏನಾದರೂ ಸಿಕ್ಕರೆ ಬಾಯಿಗೂ ಸಿಗುತ್ತಿತ್ತು.

ಆಗ ಹೊಸ ನಿರ್ದೇಶಕ ಬಂದ, ಜೂಲಿಯನ್ ಎಂಬವನು. ಕೆಟ್ಟವನಲ್ಲ. ಬರಹಗಾರರ ಮಾತಿಗೆ ಮರ್ಯಾದೆ ಸಿಗಬೇಕೆಂದು ನಂಬಿದವನು. ಶುಕ್ರವಾರ ಮಧ್ಯಾಹ್ನ ಸೆಟ್ಟು ನೋಡಿ ಹೇಳಿದ:

“ಎನಿಡ್, ಇದೇನು ಗುಜರಿ ಅಂಗಡಿನಾ? ಟೀ ಪಾತ್ರೆ, ಎರಡು ಕಪ್ಪು. ಸ್ಕ್ರಿಪ್ಟಲ್ಲಿ ಇರೋದು ಅಷ್ಟೇ.”

“ವಿಲ್ಫ್‌ಗೆ ಕೈಗೇನಾದ್ರೂ ಇರ್ಬೇಕು.”

“ವಿಲ್ಫ್‌ಗೆ ಸ್ಕ್ರಿಪ್ಟ್ ಇದೆ.”

ಎಲ್ಲವನ್ನೂ ಬುಟ್ಟಿಗೆ ತುಂಬಿಕೊಂಡು ಅವಳು ನೇರ ಬಣ್ಣದ ಕೋಣೆಗೆ ಬಂದಳು. ಡೆಸ್ಮಂಡ್ ನನ್ನ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತಿದ್ದ.

“ಮೇಜು ಖಾಲಿ ಮಾಡ್ಸಿದ್ದಾರೆ, ಡೆಸ್ಮಂಡ್.”

“ಮಾಡ್ಸಲಿ ಬಿಡು.”

“ವಿಲ್ಫ್ ವಿಷಯ...”

“ವಿಲ್ಫ್ ವಿಷಯ ನಂಗೇನೂ ಗೊತ್ತಿಲ್ಲ,” ಅಂದ, ಕಣ್ಣು ತೆರೆಯದೆ. “ನಿಂಗೂ ಗೊತ್ತಿಲ್ಲ, ಚಿನ್ನ.” ನನ್ನ ಬೆರಳಿನ ಕೆಳಗೆ ಅವನ ದವಡೆ ಬಿಗಿದುಕೊಂಡಿತು.

ಸಂಜೆ ಜನ ತುಂಬಿದರು. ಎನಿಡ್ ಅಡುಗೆಮನೆಯ ಗೋಡೆಯ ಹಿಂದೆ ಬುಟ್ಟಿ ಹಿಡಿದು ನಿಂತಳು. ನಾನು ಅವಳ ಪಕ್ಕದಲ್ಲಿದ್ದೆ. ಮೊದಲರ್ಧ ಸಲೀಸಾಗಿ ಹೋಯಿತು. ಆಮೇಲೆ ವಿಲ್ಫ್ ಕಪ್ಪಿಗೆ ಟೀ ಬಗ್ಗಿಸಿ, ಪಾತ್ರೆ ಕೆಳಗಿಟ್ಟು, ಬಾಯಿ ತೆರೆದ. ಮಾತು ಬರಲಿಲ್ಲ. ಅವನ ಕೈ ಮೇಜಿನ ಮೇಲೆ ಹರಿದಾಡಿತು. ಅಲ್ಲಿ ಹಿಡಿಯಲು ಏನೂ ಇರಲಿಲ್ಲ. ಜನ ಮೊದಲು ನಕ್ಕರು. ಆಮೇಲೆ ಯಾರೋ ಕೆಮ್ಮಿದರು.

ಡೆಸ್ಮಂಡ್ ಎದ್ದ. ಸ್ಕ್ರಿಪ್ಟಿನಲ್ಲಿ ಅವನು ಏಳುವುದಿಲ್ಲ. ಕ್ಯಾಮೆರಾದವನು ಗಾಬರಿಯಿಂದ ಹಿಂಬಾಲಿಸಿದ. ಡೆಸ್ಮಂಡ್ ಗೋಡೆಯ ಕಪಾಟಿನತ್ತ ನಡೆದ. ಸೆಟ್ಟಿನ ಕಪಾಟುಗಳಿಗೆ ಹಿಂಬದಿ ಇರುವುದಿಲ್ಲ. ಯಾರೂ ತೆರೆಯದ ಬಾಗಿಲಿನ ಹಿಂದೆ ಮರ ಯಾಕೆ ದಂಡ ಮಾಡಬೇಕು? ಅವನು ಅದನ್ನು ತೆರೆದ. ಆಚೆ ಕಡೆ, ಬುಟ್ಟಿ ತಬ್ಬಿಕೊಂಡ ಎನಿಡಳ ಮುಖ.

ಇಬ್ಬರೂ ಒಂದು ಗಳಿಗೆ ನೋಡಿಕೊಂಡರು. ಅವಳು ಈರುಳ್ಳಿ ಉಪ್ಪಿನಕಾಯಿಯ ಬಾಟಲಿ ತೆಗೆದು ಅವನ ಕೈಗಿಟ್ಟಳು.

“ಈ ಮನೇಲಿ ಏನೂ ಇರಲ್ಲ ಅಂತ ದಿನಾ ದೂರ್ತೀಯಲ್ಲ,” ಎಂದ ಡೆಸ್ಮಂಡ್, ಬಾಟಲಿಯನ್ನು ವಿಲ್ಫ್‌ನ ಮುಂದಿಟ್ಟು. ಅಷ್ಟು ವರ್ಷಗಳಲ್ಲಿ ಅದು ಅವನ ಮೊದಲ ಸ್ವಂತ ಮಾತು. “ತಗೋ. ತೆಗಿ.”

ವಿಲ್ಫ್ ಮುಚ್ಚಳ ತಿರುಗಿಸಿದ. ಬರಲಿಲ್ಲ. ಕಂಕುಳಿಗೆ ಸಿಕ್ಕಿಸಿದ, ಮೊಣಕಾಲಲ್ಲಿ ಒತ್ತಿದ, ಬಾಟಲಿಗೆ ಮೆಲ್ಲಗೆ ಬುದ್ಧಿ ಹೇಳಿದ. “ಮದುವೆ ದಿನದಿಂದ ಯಾರೂ ನನ್ನ ಹತ್ರ ಇಷ್ಟು ಬಿಗುಮಾನ ಮಾಡಿಲ್ಲ ಕಣಮ್ಮ.” ಜನ ನಕ್ಕು ನಕ್ಕು ಕುರ್ಚಿಯಲ್ಲಿ ಹೊರಳಾಡಿದರು. ಡೆಸ್ಮಂಡ್ ಮುಖ ಗೋಡೆಗೆ ತಿರುಗಿಸಿ ನಿಂತಿದ್ದ, ಭುಜ ಕುಲುಕುತ್ತಿತ್ತು. ಪ್ರೇಕ್ಷಕರು ಅದನ್ನು ನಗು ಎಂದುಕೊಂಡರು. ಗೋಡೆಯ ಈಚೆಗಿದ್ದ ನಮಗೆ ತೆರೆದ ಕಪಾಟಿನಲ್ಲಿ ಅವನ ಕಣ್ಣು ಕಾಣುತ್ತಿತ್ತು. ಅಷ್ಟರಲ್ಲಿ ವಿಲ್ಫ್‌ಗೆ ಮರೆತ ಮಾತು ತಾನಾಗಿ ನೆನಪಾಯಿತು. ಹೇಳಿದ. ದೃಶ್ಯ ಮುಗಿಯಿತು.

ಜೂಲಿಯನ್ ಮೇಲಿನ ನಿಯಂತ್ರಣ ಕೋಣೆಯಿಂದ ಇಳಿದು ಬಂದು ಮೇಜಿನ ಮೇಲಿದ್ದ ಬಾಟಲಿಯನ್ನು ನೋಡಿದ. “ಮುಂದಿನ ವಾರ ನಿಮ್ಮಿಷ್ಟದ ಹಾಗೇ ಜೋಡ್ಸಿ,” ಎಂದಷ್ಟೇ ಹೇಳಿ ಹೋದ.

ಜನ ಹೋದ ಮೇಲೆ ಎನಿಡ್ ಕಪ್ಪು ತೊಳೆಯುತ್ತಿದ್ದಳು, ನಾನು ಪಕ್ಕದ ನಲ್ಲಿಯಲ್ಲಿ ಕುಂಚ ತೊಳೆಯುತ್ತಿದ್ದೆ. ವಿಲ್ಫ್ ಬಂದು ಒರೆಸುವ ಬಟ್ಟೆ ಎತ್ತಿಕೊಂಡ.

“ಯಾವಾಗಿಂದ ಗೊತ್ತಿತ್ತು, ಚಿನ್ನ?”

“ಬೇಸಿಗೆಯಿಂದ.”

“ಡೆಸ್ಮಂಡ್‌ಗೆ ಅದಕ್ಕೂ ಮುಂಚೆ ಗೊತ್ತಂತೆ. ಇಬ್ರೂ ಸೇರಿ ನನ್ನ ಮಗು ಥರ ಸಾಕಿದ್ದೀರಿ.” ಅವನ ದನಿಯಲ್ಲಿ ಮುನಿಸಿತ್ತು, ನಿಧಾನವಾಗಿ ಇಳಿಯಿತು. “ಮುಂದಿನ ಸರಣಿ ಬೇಡ ಅಂತ ಡೆಸ್ಮಂಡ್‌ಗೆ ಹೇಳ್ಬಿಟ್ಟೆ. ಇನ್ನೊಬ್ರು ಹೇಳೋಕ್ಮುಂಚೆ ನಾನೇ ಹೇಳ್ಬೇಕಿತ್ತು.”

“ಏನಂದ?”

“ಕೋಟು ಹಾಕ್ಕೊಳ್ಳೋಕೆ ಹೋಗಿ ನನ್ನ ಕೋಟು ಹಾಕ್ಕೊಂಡ.”

ಎನಿಡ್ ನಕ್ಕಳು, ಆಮೇಲೆ ಮುಖ ತಗ್ಗಿಸಿ ಇನ್ನೊಂದು ಕಪ್ಪು ತೊಳೆದಳು. “ಈ ಸರಣಿ ಇನ್ನೂ ಮೂರು ವಾರ ಇದೆ, ವಿಲ್ಫ್.”

“ಇದೆ. ಮುಗಿಸ್ತೀನಿ. ನೀನು ಏನಿಡ್ತೀಯೋ ಇಡು. ಆದ್ರೆ ಮೊದ್ಲೇ ಹೇಳ್ಬೇಡ, ನೋಡಿ ಆಶ್ಚರ್ಯ ಪಡೋ ಶಕ್ತಿ ಇನ್ನೂ ಇದೆ ನಂಗೆ.”

ಅವಳು ಕಪ್ಪು ಚಾಚಿದಳು. ಅವನು ಅದರ ಕಿವಿಯ ಸುತ್ತ ಬಟ್ಟೆಯಾಡಿಸಿ, ಬೆಳಕಿಗೆ ಹಿಡಿದು ನೋಡಿ, ಇನ್ನೊಂದಕ್ಕೆ ಕೈ ನೀಡಿದ.