ಮೊಬೈಲಿನ್ಯಾಗ ತಯಾರಾದ ಗೌಡ

ಊರೂರಿಗೆ ಹೋಗಿ ನಾಟಕ ಕಲಿಸೋದು ನನ್ನ ಕೆಲಸ. ಮಸೂತಿ ಅನ್ನೋ ಊರಾಗ ಗೌಡನ ಪಾರ್ಟು ಹಿಡಿದಿದ್ದ ಸಿದ್ದಪ್ಪ, "ದಿನಾ ತಾಲೀಮಿಗೆ ಬರಾಕ ಆಗಂಗಿಲ್ರಿ ಮಾಸ್ತರ, ನನ್ನ ಮಾತೆಲ್ಲಾ ರೆಕಾರ್ಡ್ ಮಾಡಿ ಮೊಬೈಲಿಗೆ ಕಳಸ್ರಿ" ಅಂದ. ಕಳಿಸಿದೆ. ತಪ್ಪು ನಂದ.

ಎಂಟು ದಿನ ಬಿಟ್ಟು ಬಂದು ಒಂದಕ್ಷರ ತಪ್ಪದಂಗ ಒಪ್ಪಿಸಿದ. ಆದ್ರ "ಈ ಊರಾಗ ನಂದ ಕಾಯ್ದೆ" ಅಂತ ಗುಡುಗಿದ ಮ್ಯಾಲೆ ಎರಡು ಸರ್ತಿ ಕೆಮ್ಮಿದ. ಮತ್ತೊಮ್ಮೆ ಹೇಳಿಸಿದೆ. ಮತ್ತ ಅಲ್ಲೇ ಕೆಮ್ಮಿದ.

"ಆರಾಮಿಲ್ಲೇನೋ?"

"ಆರಾಮ ಐತ್ರಿ. ನೀವು ಅಲ್ಲಿ ಕೆಮ್ಮೀರಲ್ರಿ? ಬ್ಯಾಡಂದ್ರ ಅದನ್ನ ತಗದು ಇನ್ನೊಮ್ಮೆ ಕಳಸ್ರಿ."

"ಕಳಸಂಗಿಲ್ಲ" ಅಂದೆ. "ಮೊಬೈಲಿಗೆ ಕೆಮ್ಮೂ ಒಂದ, ಮಾತೂ ಒಂದ. ನಾಳಿಂದ ಮಂದಿ ಎದುರಿಗೆ ನಿಂತು ಕಲಿ, ಇಲ್ಲಂದ್ರ ಗೌಡನ ಮೀಸಿ ಬಿಚ್ಚಿಡು."

ಸಿಟ್ಟಿಲೇ ದಿನಾ ಬಂದ.

ನಾಟಕದ ದಿನ ಅಂವ ಅದ ಮಾತು ಗುಡುಗಿದ್ದ ತಡ, ಮುಂದ ಕುಂತವರೊಳಗ ಯಾರೋ ಜೋರಾಗಿ ಕೆಮ್ಮಿದ್ರು. ನಾ ಪರದೆ ಸರಿಸಿ ಇಣುಕಿದೆ. ಸಿದ್ದಪ್ಪ ಮೀಸಿ ತಿರುವಿ ಅತ್ತಾಗ ಹೊಳ್ಳಿದ. "ಯಾರಲೇ ಅಂವ, ಗೌಡನ ಮಾತಿಗೆ ಕೆಮ್ಮಾಂವ?"

ಮಂದಿ ಪೆಂಡಾಲು ಹಾರಿಹೋಗೂವಂಗ ಸೀಟಿ ಹೊಡದ್ರು.

ಆ ಮಾತು ನಾ ಕಳಿಸಿದ್ರಾಗ ಇದ್ದಿಲ್ಲ.