ಎಮ್ಮೆಯ ಕರು ಎಲ್ಲಿ?

ಘಟಪ್ರಭಾದಲ್ಲಿರುವ ನನ್ನ ಅಣ್ಣನ ಮಗಳಿಗೆ ನಾಲ್ಕು ವರ್ಷ. ಶಾಲೆಗೆ ಸೇರಿಸುವ ದಿನ ಹತ್ತಿರ ಬಂದರೂ ಅವಳು ಬಾಯಿ ಬಿಡುತ್ತಿರಲಿಲ್ಲ. "ಕತಿ ಓದಿ ಹೇಳ್ರಿ, ನಡುವ ಪ್ರಶ್ನೆ ಕೇಳ್ರಿ" ಎಂದರು ಅಂಗನವಾಡಿ ಶಿಕ್ಷಕಿ. ಸೋಮವಾರದಿಂದ ಗುರುವಾರದವರೆಗೆ ನಾನು ನಲವತ್ತೊಂದು ಪ್ರಶ್ನೆ ಕೇಳಿದೆ. ಲೆಕ್ಕ ಬರೆದಿಟ್ಟ ನನ್ನ ಡೈರಿಯಲ್ಲಿ ಅವಳ ಉತ್ತರ ಸೊನ್ನೆ.

ಶುಕ್ರವಾರ, ಕತೆ ಪುಸ್ತಕದಲ್ಲಿ ಹೆಂಗಸೊಬ್ಬಳು ಎಮ್ಮೆ ಹಿಂಡುವ ಚಿತ್ರ ಬಂತು.

"ಎಮ್ಮಿ ಯಾವ ಬಣ್ಣ ಐತಿ?" ಎಂದೆ.

ಅವಳು ನನ್ನನ್ನು ಕನಿಕರದಿಂದ ನೋಡಿದಳು. "ಅತ್ತಿ, ಕರಾ ಎಲ್ಲೈತಿ? ಮೊದಲ ಕರಾ ಬಿಡದ ಎಮ್ಮಿ ಹಾಲ ಕೊಡತೈತೇನ? ಈಕಿ ಒದಿಸ್ಕೊಂತಾಳ ನೋಡ!"

ಪುಟ ಮಗುಚಲು ಹೋದೆ, ಬಿಡಲಿಲ್ಲ. ಕೊನೆಗೆ ಪೆನ್ನಿನಿಂದ ಕರು ಬರೆದೆ.

"ಇದು ನಾಯಿ ಆತಲ್ಲ!" ಎಂದು ಬೈದು, ಕಿವಿಯಿಂದ ಬಾಲದವರೆಗೆ ಹೇಳಿಹೇಳಿ ತಿದ್ದಿಸಿದಳು.