ಮನೆ ಡಾಕ್ಟರು ಬರೆದ ಒಂದು ತಪ್ಪು ಚೀಟಿ

ಹಳೆಯ ಮನೆ ಕೊಳ್ಳುವವರು ವ್ಯಾಪಾರದ ಮಾತು ಮುಗಿಸುವ ಮೊದಲು ಮನೆ ಗಟ್ಟಿಯಿದೆಯೇ ಎಂದು ನೋಡಲು ಅವರನ್ನು ಕರೆಸುತ್ತಿದ್ದರು. ಮೂವತ್ತು ವರ್ಷ ಗಾರೆ ಕೆಲಸ ಮಾಡಿ, ಮಂಡಿ ಕೈಕೊಟ್ಟ ಮೇಲೆ ಕರಣೆ ಕೆಳಗಿಟ್ಟು ಟಾರ್ಚು ಹಿಡಿದ ಮನುಷ್ಯ. ಗೋಡೆಗೆ ಬೆರಳಿನಿಂದ ತಟ್ಟಿ ಕಿವಿಗೊಡುವರು, ಬಚ್ಚಲ ಮೂಲೆಯಲ್ಲಿ ಬಗ್ಗಿ ಮೂಸುವರು, ಒಂದೊಂದು ಬಾಗಿಲನ್ನೂ ಎರಡೆರಡು ಸಲ ಹಾಕಿ ತೆಗೆಯುವರು. ನೋಡಿದವರು ಮನೆ ಡಾಕ್ಟರು ಎಂದು ಹೆಸರಿಟ್ಟರು. ಅವರಿಗೂ ಒಳಗೊಳಗೇ ಖುಷಿ, ಸುಳ್ಳೇಕೆ ಹೇಳಬೇಕು!

ಅವರ ಚೀಟಿಯಲ್ಲಿ ಪ್ರತಿ ದೋಷದ ಮುಂದೆ ಎರಡರಲ್ಲಿ ಒಂದು ಮಾತು ಇರುತ್ತಿತ್ತು: ‘ರಿಪೇರಿ ಸಾಕು’ ಅಥವಾ ‘ಇಂಜಿನಿಯರಿಗೆ ತೋರಿಸಿ’. ನಲ್ಲಿ ತೊಟ್ಟಿಕ್ಕುತ್ತಿದ್ದರೆ, ಗಿಲಾವಿನ ಮೇಲೆ ಕೂದಲೆಳೆಯಂಥ ಗೆರೆ ಬಿದ್ದಿದ್ದರೆ ಮೊದಲನೆಯದು. ಕಿಟಕಿ ಮೂಲೆಯಿಂದ ಹೊರಟ ಬಿರುಕು ಇಟ್ಟಿಗೆಯ ಸಂದು ಹಿಡಿದು ಮೆಟ್ಟಿಲು ಮೆಟ್ಟಿಲಾಗಿ ಹತ್ತಿದ್ದರೆ, ಮೇಲೆ ಹೋದಂತೆ ಅಗಲವಾಗಿದ್ದರೆ, ಪಕ್ಕದ ಬಾಗಿಲು ಚೌಕಟ್ಟಿಗೆ ಉಜ್ಜುತ್ತಿದ್ದರೆ ಎರಡನೆಯದು. ಅಲ್ಲಿ ಕೆಟ್ಟಿರುವುದು ಗೋಡೆಯಲ್ಲ, ಕೆಳಗೆ ಪಾಯ ಕುಸಿಯುತ್ತಿದೆ ಎಂದು ಲೆಕ್ಕ. ಇಷ್ಟನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದರು. ಅಂಥವರು ಗೊತ್ತಿದ್ದೂ ಗೊತ್ತಿದ್ದೂ ಒಂದು ಮನೆಗೆ ತಪ್ಪು ಬರೆದರು.

ಅದಕ್ಕೆ ಹದಿನೈದು ದಿನ ಮುಂಚೆ ಬೇರೊಂದು ಮನೆಯ ತಾರಸಿಯ ಒಳಮಗ್ಗುಲಿನ ಗೆರೆ ನೋಡಿ ‘ಇಂಜಿನಿಯರಿಗೆ ತೋರಿಸಿ’ ಎಂದಿದ್ದರು. ಬಂದ ಇಂಜಿನಿಯರು ಎರಡು ನಿಮಿಷ ಕತ್ತೆತ್ತಿ ನೋಡಿ, ಬಣ್ಣ ಹೊಡೆಯುವವರನ್ನು ಕರೆಸಿ ಎಂದು ಹೇಳಿ ನಡೆದುಬಿಟ್ಟರು. ಮನೆ ಮಾರಿಸುವ ಬ್ರೋಕರಿಗೆ ಅಷ್ಟು ಸಿಕ್ಕಿದ್ದೇ ಸಾಕಾಯಿತು. ಟೀ ಅಂಗಡಿಯ ಮುಂದೆ ಹತ್ತು ಜನರೆದುರು, “ಯಾರಾದ್ರೂ ಸೀನಿದ್ರೆ ಸಾಕು, ನಮ್ಮ ಡಾಕ್ಟ್ರು ಆಪರೇಷನ್ನೇ ಬರೀತಾರೆ!” ಎಂದ. ಎಲ್ಲರೂ ನಕ್ಕರು. ಇವರೂ ಹಲ್ಲು ಕಿರಿದರು. ಆದರೆ ಆ ಮಾತು ಎದೆಗೆ ನಾಟಿ ಕೂತಿತು.

ಆ ಬ್ರೋಕರೇ ತೋರಿಸಿದ ಮುಂದಿನ ಮನೆಯನ್ನು ಕೊಳ್ಳಲು ಬಂದವಳು ಒಬ್ಬಳು ಟೈಲರ್. ಗಂಡನಿಲ್ಲದವಳು, ಹದಿನೆಂಟು ವರ್ಷ ಬಾಡಿಗೆ ಮನೆಗಳಲ್ಲೇ ಹೊಲಿದವಳು. ಇವರು ಟಾರ್ಚು ಬಿಟ್ಟುಕೊಂಡು ಓಡಾಡುವಾಗ ಅವಳು ಕೊರಳಿನ ಟೇಪು ತೆಗೆದು ಕಿಟಕಿಗಳ ಅಳತೆ ತೆಗೆಯುತ್ತಿದ್ದಳು. ಹಿಂದಿನ ಕೋಣೆಯಲ್ಲಿ ಬಿರುಕು ಕಂಡಿತು. ಕಿಟಕಿಯ ಮೂಲೆ, ಮೆಟ್ಟಿಲು ಮೆಟ್ಟಿಲು, ಮೇಲಕ್ಕೆ ಅಗಲ. ಬಾಗಿಲೂ ಉಜ್ಜುತ್ತಿತ್ತು. ಗೋಡೆಯಾಚೆ ಬಚ್ಚಲ ನೀರಿನ ಪೈಪು ಪಾಯದ ಮಗ್ಗುಲಲ್ಲೇ ನೆಲದೊಳಕ್ಕೆ ಇಳಿದಿತ್ತು. ಕೈ ‘ಇಂ’ ಎಂದು ಬರೆಯುವುದರಲ್ಲಿತ್ತು. ಅಷ್ಟರಲ್ಲಿ ಬಾಗಿಲಲ್ಲಿ ನಿಂತಿದ್ದ ಬ್ರೋಕರು, “ಏನ್ ಡಾಕ್ಟ್ರೇ, ಇದಕ್ಕೂ ಆಪರೇಷನ್ನಾ?” ಎಂದು ಕಣ್ಣು ಮಿಟುಕಿಸಿದ.

‘ಬಿರುಕು ತುಂಬಿ ಬಣ್ಣ ಹೊಡೆಯಿರಿ. ರಿಪೇರಿ ಸಾಕು.’ ಬರೆದು ಸಹಿ ಹಾಕಿದರು. ಟೈಲರ್ ಆ ಚೀಟಿಯನ್ನು ಎರಡು ಕೈಯಲ್ಲೂ ಇಸಿದುಕೊಂಡು, ಅದನ್ನೇ ನಂಬಿ ಮನೆ ಕೊಂಡಳು.

ಆಮೇಲೆ ಅವರು ಆ ಬೀದಿಗೆ ಕಾಲಿಡಲಿಲ್ಲ. ತರಕಾರಿಗೆ ಹೋಗುವಾಗಲೂ ಸುತ್ತು ಹಾಕಿಕೊಂಡೇ ಹೋದರು. “ಮಂಡಿ ನೋವು ಅಂತೀರ, ಊರೆಲ್ಲ ಸುತ್ತಿ ಬರ್ತೀರ,” ಎಂದು ಹೆಂಡತಿ ರೇಗಿದರೆ, ಆಸ್ಪತ್ರೆಯ ಡಾಕ್ಟರು ನಡೆಯಲು ಹೇಳಿದ್ದಾರೆ ಎಂದು ಬುರುಡೆ ಬಿಟ್ಟರು. ಚೀಟಿ ತಿದ್ದಿ ಕೊಡಲು ಒಂದು ಫೋನು ಸಾಕಿತ್ತು. ಇವತ್ತು, ನಾಳೆ ಎನ್ನುತ್ತ ಒಂದು ವರ್ಷ ಕಳೆದುಬಿಟ್ಟರು. ಇಂಥ ಹೇಡಿತನಕ್ಕೆ ಏನೆನ್ನಬೇಕೋ!

ಕೊನೆಗೆ ಫೋನು ಮಾಡಿದವಳು ಅವಳೇ. ಬೈಯುತ್ತಾಳೆ ಎಂದುಕೊಂಡೇ ಇವರು ಫೋನು ಎತ್ತಿದರು.

“ಡಾಕ್ಟ್ರೇ, ಒಬ್ರು ಒಳ್ಳೆ ಗಾರೆಯವರನ್ನ ಹೇಳ್ತೀರಾ? ನೀವು ಹೇಳಿದಂಗೇ ಮಾಡ್ಸಿದೆ, ಗಾರೆ ಕೆಲಸ ಮಾಡೋ ನಮ್ಮಣ್ಣನೇ ಕೆಡಿಸಿಬಿಟ್ಟ. ಮೂರು ಸಲ ತುಂಬಿದ, ಮೂರು ಸಲಾನೂ ಬಾಯಿ ಬಿಡ್ತು. ಕುಡಿದು ಬಂದು ಕೆಲಸ ಮಾಡ್ತೀಯ ಅಂತ ಬೈದು ಕಳಿಸಿದೀನಿ. ನಾಲ್ಕು ತಿಂಗಳಾಯ್ತು, ಮಾತಿಲ್ಲ ಕತೆಯಿಲ್ಲ.”

ಬೈದಿದ್ದರೆ ಅವರಿಗೆ ಎಷ್ಟೋ ಹಗುರವಾಗುತ್ತಿತ್ತು.

ಮಾರನೆಯ ಬೆಳಿಗ್ಗೆ ಹೋದರು. ಬಿರುಕು ಈಗ ಕಿರುಬೆರಳು ತೂರುವಷ್ಟಾಗಿತ್ತು. ಅಂಚು ಮುಟ್ಟಿ ನೋಡಿದರು. ಅಣ್ಣ ಸಂದನ್ನು ಒಳಗಿನವರೆಗೂ ಕೆತ್ತಿದ್ದ, ಜಾಲರಿ ಕೂರಿಸಿದ್ದ, ಗಾರೆ ನೀರುಂಡು ಕಲ್ಲಿನಂತೆ ಗಟ್ಟಿಯಾಗಿತ್ತು. ಇವರೇ ಮಾಡಿದ್ದರೂ ಇದಕ್ಕಿಂತ ಚೆನ್ನಾಗಿ ಮಾಡಲಾಗುತ್ತಿರಲಿಲ್ಲ. ಕುಡಿದವನ ಕೈಯಲ್ಲ ಅದು.

“ಅಮ್ಮಾ, ನಿಮ್ಮಣ್ಣನ ಕೆಲಸದಲ್ಲಿ ಕೂದಲಷ್ಟು ತಪ್ಪಿಲ್ಲ,” ಎಂದರು. “ತಪ್ಪು ನಂದು. ಪಾಯ ಕುಸಿಯೋ ಗುರುತೆಲ್ಲ ಅವತ್ತೇ ಕಂಡಿತ್ತು. ಇಂಜಿನಿಯರಿಗೆ ತೋರಿಸಿ ಅಂತ ಬರೀಬೇಕಿತ್ತು. ಆ ಬ್ರೋಕರ್ ನಗ್ತಾನೆ ಅಂತ ಬರೀಲಿಲ್ಲ.”

ಟೈಲರ್ ಕೈಯಲ್ಲಿದ್ದ ಬಟ್ಟೆ ಮಡಿಸಿಟ್ಟಳು. ಆಮೇಲೆ, “ನನಗೆ ಹೇಳಿದ್ದಾಯ್ತು. ಅವನಿಗೂ ಹೇಳಿ,” ಎಂದು ನಂಬರು ಒತ್ತಿ ಫೋನು ಅವರ ಕೈಗೇ ಕೊಟ್ಟಳು.

ಅಣ್ಣ ಎರಡು ಬೀದಿ ಆಚೆ ಕೆಲಸದಲ್ಲಿದ್ದವನು ಸಿಮೆಂಟಿನ ಕೈಯಲ್ಲೇ ಬಂದ. ಇವರು ಮತ್ತೊಮ್ಮೆ ಎಲ್ಲ ಹೇಳಿದರು. ಒಂದು ಮಾತೂ ಮುಚ್ಚಿಡಲಿಲ್ಲ. ಅವನು ಗೋಡೆ ನೋಡುತ್ತಲೇ ಕೇಳಿದ.

“ಮೊದಲ್ನೇ ದಿನವೇ ನಾನೂ ಹೇಳ್ದೆ, ಸ್ವಾಮಿ. ಇದು ಗಾರೆಯವನ ಕೈಲಿ ಆಗೋ ಕೆಲಸ ಅಲ್ಲ ಕಣಮ್ಮಾ, ದೊಡ್ಡೋರಿಗೆ ತೋರಿಸು ಅಂದೆ. ಇವಳು ನಿಮ್ಮ ಚೀಟಿ ತಂದು ಮುಖಕ್ಕೆ ಹಿಡಿದ್ಲು. ಡಾಕ್ಟ್ರಿಗಿಂತ ನಿನಗೆ ಜಾಸ್ತಿ ಗೊತ್ತಾ ಅಂದ್ಲು. ನಾನು ಬಾಯಿ ಮುಚ್ಕೊಂಡು ತುಂಬ್ದೆ.”

ಡಾಕ್ಟರು ಹಾಳೆ ತೆಗೆದು, ‘ಪಾಯ ಕುಸಿದಿರಬಹುದು. ಕೂಡಲೇ ಇಂಜಿನಿಯರಿಗೆ ತೋರಿಸಿ. ಅಲ್ಲಿಯವರೆಗೆ ಈ ಕೋಣೆಯಲ್ಲಿ ಯಾರೂ ಮಲಗಬೇಡಿ. ಹಿಂದಿನ ಚೀಟಿ ನನ್ನ ತಪ್ಪು’ ಎಂದು ಬರೆದು ಸಹಿ ಹಾಕಿದರು. ಯಾರೂ ಅದನ್ನು ಇಸಿದುಕೊಳ್ಳಲಿಲ್ಲ. ಮೇಜಿನ ಮೇಲೆ ಇಟ್ಟರು.

ಅಣ್ಣ ಗೋಡೆಗೆ ಒತ್ತಿ ನಿಂತಿದ್ದ ಕಬ್ಬಿಣದ ಬೀರುವಿನ ಒಂದು ಮಗ್ಗುಲು ಹಿಡಿದ. ಇಂಜಿನಿಯರಿಗೆ ಗೋಡೆ ಬುಡ ಕಾಣಬೇಕಲ್ಲ, ಸರಿಸಬೇಕಿತ್ತು. ಡಾಕ್ಟರು ಮಂಡಿ ನೋವು ಮರೆತು ಇನ್ನೊಂದು ಮಗ್ಗುಲಿಗೆ ಓಡಿ ಬಗ್ಗಿದರು.

“ನೀವು ಬಿಡಿ, ಸ್ವಾಮಿ,” ಎಂದ ಅಣ್ಣ. ಆಮೇಲೆ ತಂಗಿಯ ಕಡೆ ತಿರುಗದೆಯೇ, “ಆ ಕಡೆ ನೀನು ಹಿಡ್ಕೊ,” ಎಂದ.

ನಾಲ್ಕು ತಿಂಗಳಲ್ಲಿ ಅವಳೊಡನೆ ಅವನಾಡಿದ ಮೊದಲ ಮಾತು ಅದು. ಅವಳು ಕಣ್ಣೊರೆಸಿಕೊಂಡು ಬಂದು ಹಿಡಿದಳು. ಡಾಕ್ಟರು ಅವಳಿಗೆ ದಾರಿ ಬಿಟ್ಟು ಬಾಗಿಲಾಚೆ ನಿಂತರು.